ಅರ್ಧ ನಿಮಿಷದ ಮೇಷ್ಟ್ರು

ಕಳೆದ ತಿಂಗಳು ನಮ್ಮ ಕಾಲೇಜಿನ ಪಿ.ಟಿ. ಮೇಷ್ಟ್ರಿಗೆ ಬೀಳ್ಕೊಡುಗೆ ಇತ್ತು. ಅವರ ಬಗ್ಗೆ ನಾಲ್ಕು ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಮೇಜು ನನ್ನದು ಎನ್ನುವುದೊಂದೇ ಅದಕ್ಕೆ ಕಾರಣ. ಶಿಸ್ತು, ಸಮಯಪಾಲನೆ, ನಿಸ್ವಾರ್ಥ ಸೇವೆ ಎಂದು ಶುರು ಮಾಡಿ ಮುಂದಿನ ವಾಕ್ಯಕ್ಕೆ ಬರುವಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಅದುರಿತು. ತೆಗೆದು ನೋಡಿದವರು ಕೊರಳ ಹಾರವನ್ನೂ ತೆಗೆಯದೆ ವೇದಿಕೆ ಇಳಿದು ಹೊರಗೆ ಹೋಗಿಬಿಟ್ಟರು. ನಾನು ಖಾಲಿ ಕುರ್ಚಿಯನ್ನು ಹೊಗಳಿ ಮುಗಿಸಿದೆ. ಪ್ರಿನ್ಸಿಪಾಲರಿಗೆ ಬೇಸರವಾಯಿತು. ನನಗೆ ಆಗಲಿಲ್ಲ. ಅವರ ಬಗ್ಗೆ ನಾನು ಹೇಳಬೇಕಾಗಿದ್ದದ್ದು ವೇದಿಕೆಯ ಮೇಲೆ ಹೇಳುವಂಥದ್ದಾಗಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕಬಳ್ಳಾಪುರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮಕ್ಕಳಿಗೆ, ಅಂಗಡಿಯವರಿಗೆ, ಬಸ್ ಕಂಡಕ್ಟರಿಗೆ, ಕೊನೆಗೆ ಅವರ ಹೆಂಡತಿಗೂ ಅವರು ಪಿ.ಟಿ. ಸಾರ್. ತೆಳ್ಳಗೆ, ಉದ್ದಕ್ಕೆ ಇದ್ದರು. ಕ್ಯಾನ್ವಾಸ್ ಶೂಗಳಿಗೆ ದಿನಾ ಬೆಳಿಗ್ಗೆ ಒದ್ದೆ ಸೀಮೆಸುಣ್ಣ ಬಳಿಯುತ್ತಿದ್ದರು. ಒಣಗಿದ ಪುಡಿ ಸ್ಟಾಫ್ ರೂಮಿನ ನೆಲದ ಮೇಲೆಲ್ಲ ಉದುರಿ, ಅವರು ಎಲ್ಲೆಲ್ಲಿ ಓಡಾಡಿದರು ಎನ್ನುವುದು ನಮಗೆಲ್ಲ ತಿಳಿಯುತ್ತಿತ್ತು. ಬೇರೆ ಪಿ.ಟಿ. ಮೇಷ್ಟ್ರುಗಳ ಕೊರಳಲ್ಲಿ ಸೀಟಿ ಇರುತ್ತದೆ. ಇವರ ಕೊರಳಲ್ಲಿ ಸ್ಟಾಪ್‌ವಾಚ್ ಇರುತ್ತಿತ್ತು.

ಆ ವಾಚು ನಮ್ಮ ಪ್ರಾಣ ತಿನ್ನುತ್ತಿತ್ತು. ನಾನು ತಲೆ ಬಗ್ಗಿಸಿ ಇಂಗ್ಲಿಷ್ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಪಕ್ಕದಿಂದ ದನಿ ಬರುತ್ತಿತ್ತು.

"ಮೇಡಂ, ನೀವು ಶಿಡ್ಲಘಟ್ಟದ ಬಸ್ಸಲ್ಲಿ ಹೋಗ್ತಾ ಇದ್ದೀರಿ. ಡ್ರೈವರಿಗೆ ತಲೆ ಸುತ್ತು ಬಂತು. ಏನು ಮಾಡ್ತೀರಿ? ಅರ್ಧ ನಿಮಿಷ."

"ಕಂಡಕ್ಟರಿಗೆ ಹೇಳ್ತೀನಿ."

"ಅವನು ಚಿಲ್ಲರೆ ಜಗಳದಲ್ಲಿದ್ದಾನೆ, ನಿಮ್ಮ ಮಾತು ಕೇಳಿಸ್ಕೊಳಲ್ಲ. ಟೈಮ್ ಆಯ್ತು. ನೀವು ಸೆಲೆಕ್ಟ್ ಆಗಲ್ಲ ಬಿಡಿ."

"ಬೇಡ ಬಿಡಿ ಸಾರ್. ನನಗೆ ಈ ಪೇಪರುಗಳೇ ಸಾಕು."

ಈ ಬಗೆಯ ಪ್ರಶ್ನೆ ಅವರೇ ಕಟ್ಟಿದ್ದಲ್ಲ. ಪಿ.ಯು.ಸಿ. ಮುಗಿಸುವ ಹೊತ್ತಿಗೆ ಸೇನೆಯ ಅಧಿಕಾರಿಯಾಗಲು ಅಕಾಡೆಮಿ ಸೇರಬೇಕೆನ್ನುವ ಮಕ್ಕಳು ಒಂದು ಲಿಖಿತ ಪರೀಕ್ಷೆ ಬರೆಯಬೇಕು. ಅದರಲ್ಲಿ ಪಾಸಾದವರನ್ನು ಆಯ್ಕೆ ಕೇಂದ್ರಕ್ಕೆ ಕರೆಸಿ ಹಲವು ದಿನ ಇಟ್ಟುಕೊಂಡು ನೋಡುತ್ತಾರೆ. ಮಸುಕಾದ ಚಿತ್ರ ತೋರಿಸಿ ಕತೆ ಬರೆಸುತ್ತಾರೆ, ಗುಂಪಿನಲ್ಲಿ ಕೂರಿಸಿ ಚರ್ಚೆ ಮಾಡಿಸುತ್ತಾರೆ, ಹಲಗೆ ಹಗ್ಗ ಕೊಟ್ಟು ಗುಂಡಿ ದಾಟಿಸುತ್ತಾರೆ. ಅದರ ಜೊತೆಗೆ ಒಂದರ ಹಿಂದೊಂದು ಸಂದಿಗ್ಧ ಕೊಡುತ್ತಾರೆ. ಪ್ರತಿಯೊಂದಕ್ಕೂ ನೀನಾದರೆ ಏನು ಮಾಡುತ್ತೀಯ ಎಂದು ಅರ್ಧ ನಿಮಿಷದಲ್ಲಿ ಬರೆಯಬೇಕು. ಯೋಚನೆಗೆ ಬಿಡುವಿಲ್ಲದಾಗ ಮನುಷ್ಯ ಏನು ಮಾಡುತ್ತಾನೋ ಅದೇ ಅವನು ಎನ್ನುವುದು ಅಲ್ಲಿಯವರ ಲೆಕ್ಕಾಚಾರ.

ಪಿ.ಟಿ. ಸಾರ್ ಸೈನ್ಯದಲ್ಲಿ ಇದ್ದವರಲ್ಲ. ಯಾವಾಗಲೋ ಒಮ್ಮೆ ನಮ್ಮದೇ ಕಾಲೇಜಿನ ಹುಡುಗನೊಬ್ಬ ಲಿಖಿತ ಪರೀಕ್ಷೆ ಪಾಸಾಗಿ, ಆಯ್ಕೆ ಕೇಂದ್ರಕ್ಕೆ ಹೋಗಿ, ಮೊದಲ ದಿನವೇ ಜರಡಿಯಲ್ಲಿ ಉದುರಿ ವಾಪಸ್ಸು ಬಂದ. ಏನಾಯಿತೋ ಎಂದು ಇವರು ಕೇಳಿದರೆ ಅವನು, "ಗುಂಪಲ್ಲಿ ಒಬ್ಬ ನನಗಿಂತ ದೊಡ್ಡೋನಿದ್ದ ಸಾರ್. ಅವನು ಮಾತಾಡಿ ಮುಗಿಸ್ಲಿ ಅಂತ ಕಾಯ್ತಾ ಇದ್ದೆ. ಅಷ್ಟರಲ್ಲಿ ಬೆಲ್ ಹೊಡೆದುಬಿಟ್ರು," ಎಂದನಂತೆ. ಆ ಹುಡುಗನದು ಗಣಿತದಲ್ಲಿ ತೊಂಬತ್ತರ ಮೇಲಿನ ತಲೆ. ಮರ್ಯಾದೆ ಕೊಟ್ಟು ಫೇಲಾದ ಎಂದು ಪಿ.ಟಿ. ಸಾರ್ ಬಹಳ ದಿನ ಕೊರಗಿದರು. ಆಮೇಲೆ ಭಾನುವಾರದ ಕ್ಲಾಸು ಶುರುವಾಯಿತು. ಯಾರೋ ನಿವೃತ್ತ ಸುಬೇದಾರರ ಹಿಂದೆ ಬಿದ್ದು, ಮೊಬೈಲಿನಲ್ಲಿ ವಿಡಿಯೋ ನೋಡಿ, ಹೋಗಿ ಬಂದ ಹುಡುಗರನ್ನು ಕೂರಿಸಿಕೊಂಡು ಕೇಳಿ, ಅಷ್ಟಿಷ್ಟು ಕಲಿತರು. ಇಂಗ್ಲಿಷಿನಲ್ಲಿ ಮಾತಾಡಿಸಲು ನಾನು ಬೇಕಾದೆ. ಒಂದು ಗಂಟೆ ಎಂದು ಕರೆದವರು ಮಧ್ಯಾಹ್ನದವರೆಗೂ ಬಿಡುತ್ತಿರಲಿಲ್ಲ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಮಕ್ಕಳು ಬರುತ್ತಿದ್ದರು. ತೊಂಡೇಬಾವಿಯಿಂದ ಒಬ್ಬ ಗೌರಿಬಿದನೂರಿಗೆ ಬಂದು ಅಲ್ಲಿಂದ ಬಸ್ ಹಿಡಿದು ಬರುತ್ತಿದ್ದ. ಮೈದಾನದ ಮೂಲೆಯ ಹೊಂಗೆಮರದ ಕೆಳಗೆ ಗುಂಪು ಚರ್ಚೆ. ಕಾಲೇಜಿಗೆ ಮೊಬೈಲ್ ತರಬೇಕೋ ಬೇಡವೋ ಎಂಬ ವಿಷಯ ಕೊಟ್ಟಿದ್ದೆವು. ತೊಂಡೇಬಾವಿಯ ಹುಡುಗನಿಗೂ ಶಿಡ್ಲಘಟ್ಟದ ಕಡೆಯವನೊಬ್ಬನಿಗೂ ಚೆನ್ನಾಗಿ ವಾದ ಬಿತ್ತು. ನನಗೂ ಸಂತೋಷವಾಯಿತು. ನಡುವೆ ಟೀಗೆ ಬಿಟ್ಟೆವು. ಟೀ ಕುಡಿಯುತ್ತಾ ಇಬ್ಬರೂ ಯಾವೂರು, ಯಾರ ಮನೆ ಎಂದು ವಿಚಾರಿಸಿಕೊಂಡಿದ್ದಾರೆ. ಒಬ್ಬನ ಅತ್ತೆಯನ್ನು ಇನ್ನೊಬ್ಬನ ಮನೆಗೇ ಕೊಟ್ಟಿದೆ. ಟೀ ಆದಮೇಲೆ ಮತ್ತೆ ಕೂತಾಗ ತೊಂಡೇಬಾವಿಯವನು ಬಾಯಿ ಬಿಡಲೊಲ್ಲ. ಎಬ್ಬಿಸಿ ಕೇಳಿದರೆ, "ಮಾವ ಹೇಳಿದ್ದೇ ಸರಿ ಸಾರ್," ಎಂದ. ಆ ಮಾವನಿಗೆ ಇನ್ನೂ ಮೀಸೆ ಬಂದಿರಲಿಲ್ಲ.

ಅವತ್ತು ಪಿ.ಟಿ. ಸಾರ್ ಒಂದು ಕಾನೂನು ಮಾಡಿದರು. "ನೋಡ್ರಪ್ಪ, ಈ ಗೇಟ್ ಒಳಗೆ ಯಾರೂ ಯಾರಿಗೂ ಏನೂ ಆಗ್ಬಾರದು. ಊರು ಕೇಳ್ಬಾರದು, ಮನೆ ಕೇಳ್ಬಾರದು. ಎದೆ ಮೇಲೆ ನಂಬರ್ ಇರತ್ತೆ, ಅಷ್ಟೇ." ಮುಂದಿನ ವಾರದಿಂದ ಮಕ್ಕಳು ಎದೆಗೂ ಬೆನ್ನಿಗೂ ನಂಬರು ಕಟ್ಟಿಕೊಂಡು ಓಡಾಡಿದರು. ಆಯ್ಕೆ ಕೇಂದ್ರದಲ್ಲೂ ಹಾಗೆಯೇ ಅಂತೆ.

ಇನ್ನೊಂದು ಕಾಯಿಲೆ ಇದಕ್ಕಿಂತ ಗಟ್ಟಿಯಾಗಿತ್ತು. ಸಂದಿಗ್ಧ ಯಾವುದೇ ಇರಲಿ, ನಮ್ಮ ಕಡೆಯ ಮಕ್ಕಳ ಮೊದಲ ಉತ್ತರ ಒಂದೇ. ಕಾಡಿನಲ್ಲಿ ದಾರಿ ತಪ್ಪಿದೆ, ಅಪ್ಪನಿಗೆ ಫೋನ್ ಮಾಡ್ತೀನಿ. ಬಾವಿಗೆ ಮಗು ಬಿದ್ದಿದೆ, ಊರ ದೊಡ್ಡೋರಿಗೆ ಹೇಳ್ತೀನಿ. ರೈಲು ಹಳಿ ಮುರಿದಿದೆ, ಮನೇಲಿ ಕೇಳಿ ಹೇಳ್ತೀನಿ. ಪಿ.ಟಿ. ಸಾರ್ ತಲೆ ಚಚ್ಚಿಕೊಳ್ಳುತ್ತಿದ್ದರು. "ಫೋನಲ್ಲಿ ಚಾರ್ಜಿಲ್ಲ ಕಣೋ. ಅಪ್ಪ ಇಲ್ಲ, ದೊಡ್ಡಪ್ಪ ಇಲ್ಲ, ಊರೇ ಇಲ್ಲ. ನೀನೊಬ್ಬನೇ ಇದ್ದೀಯ. ಏನ್ ಮಾಡ್ತೀಯ ಹೇಳಪ್ಪ." ಮನೇಲಿ ಕೇಳಿ ಎಂದವರು ಮೈದಾನಕ್ಕೆ ಒಂದು ಸುತ್ತು ಓಡಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬೆವರಿರುತ್ತಿದ್ದರು.

ದಾಟಿಸುವ ಆಟಕ್ಕೆ ಬೇಕಾದ ಸಾಮಾನು ಕಾಲೇಜು ಕೊಡಲಿಲ್ಲ. ಪಿ.ಟಿ. ಸಾರ್ ತಮ್ಮ ಹುಟ್ಟೂರು ಕೆಂಚಾರ್ಲಹಳ್ಳಿಯ ಮನೆಯಿಂದ ಹಳೆಯ ಚಂದ್ರಿಕೆಗಳನ್ನು ತಂದರು. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗಳು ಅವು, ಆಳುದ್ದ ಇರುತ್ತವೆ. ಮರಕ್ಕೆ ಒರಗಿಸಿದರೆ ಗೋಡೆ, ನೆಲಕ್ಕೆ ಹಾಸಿದರೆ ಹೊಳೆ. ಮುಟ್ಟಬಾರದ ಜಾಗಕ್ಕೆ ಕೆಮ್ಮಣ್ಣು ಬಳಿದರು. ಮಕ್ಕಳು ಹಗ್ಗ ಹಿಡಿದು ಜೋತಾಡುವಾಗ ಚಂದ್ರಿಕೆಯಲ್ಲಿ ಸಿಕ್ಕಿಕೊಂಡಿದ್ದ ಹಳೆಯ ರೇಷ್ಮೆಯ ನವಿರು ಅವರ ತಲೆಗೂದಲಿಗೆ ಅಂಟುತ್ತಿತ್ತು.

ಇಷ್ಟೆಲ್ಲ ಹೇಳಿಕೊಡುವ ಮನುಷ್ಯನಿಗೆ ಸ್ವಂತ ವಿಷಯದಲ್ಲಿ ಒಂದು ಟೀ ಹೇಳಲೂ ಬರುತ್ತಿರಲಿಲ್ಲ. ಟೀನೋ ಕಾಫೀನೋ ಎಂದು ಕ್ಯಾಂಟೀನಿನವನು ಕೇಳಿದರೆ, "ನೋಡಣ," ಎನ್ನುತ್ತಿದ್ದರು. ಅವನೇ ಏನನ್ನೋ ತಂದಿಡುತ್ತಿದ್ದ. ರಜೆ ಹಾಕುತ್ತೀರಾ ಎಂದರೆ ನೋಡಣ. ಮನೆ ಬದಲಾಯಿಸುತ್ತೀರಂತಲ್ಲ ಎಂದರೆ ನೋಡಣ, ಅಣ್ಣನ್ನ ಒಂದು ಮಾತು ಕೇಳಣ. ಕೆಂಚಾರ್ಲಹಳ್ಳಿಯಲ್ಲಿ ಜಮೀನು, ಹಿಪ್ಪುನೇರಳೆ, ಹುಳು ಎಲ್ಲ ಅಣ್ಣನ ಉಸ್ತುವಾರಿ. ತಂದೆ ಹೋದಮೇಲೆ ಇವರನ್ನು ಓದಿಸಿದ್ದು ಅಣ್ಣ. ಮದುವೆ ಮಾಡಿದ್ದೂ ಅಣ್ಣ. ಸ್ಕೂಟರ್ ಕೊಳ್ಳಬೇಕಾದಾಗ ಅಣ್ಣನಿಗೆ ಬಿಡುವಾಗಲಿ ಎಂದು ಇವರು ವರ್ಷಗಟ್ಟಲೆ ಕಾದರು. ಕೊನೆಗೆ ಅಣ್ಣ ಚಿಂತಾಮಣಿಯ ಶೋರೂಮಿಗೆ ಬಂದು ತೆಲುಗಿನಲ್ಲಿ, "ನೀಕೇದಿ ಇಷ್ಟಮೋ ಅದಿ ತೀಸ್ಕೋರಾ," ಅಂದರೆ ನಿನಗೆ ಯಾವುದು ಇಷ್ಟವೋ ಅದನ್ನ ತಗೊಳೋ, ಎಂದರಂತೆ. ಇವರಿಗೆ ಕೈಕಾಲು ಆಡದೆ ಅವತ್ತು ಸ್ಕೂಟರ್ ಇಲ್ಲದೆಯೇ ವಾಪಸ್ಸು ಬಂದರು. ಈ ಕತೆ ಹೇಳಿ ನಾವೆಲ್ಲ ಅವರನ್ನು ಎಷ್ಟೋ ಸಲ ರೇಗಿಸಿದ್ದೇವೆ. ಅವರೂ ನಗುತ್ತಿದ್ದರು.

ಭಾನುವಾರದ ಕ್ಲಾಸಿನ ಮಕ್ಕಳಲ್ಲಿ ಮೊದಲು ಆಯ್ಕೆಯಾದವನು ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್ ಒಬ್ಬರ ಮಗ. ಪತ್ರಿಕೆಯಲ್ಲಿ ಫೋಟೋ ಬಂತು, ಕಾಲೇಜಿನಲ್ಲಿ ಲಾಡು ಹಂಚಿದರು. ಒಂದು ವರ್ಷದ ಮೇಲೆ ಆ ಹುಡುಗನ ತಾಯಿ ಪಿ.ಟಿ. ಸಾರನ್ನು ಹುಡುಕಿಕೊಂಡು ಸ್ಟಾಫ್ ರೂಮಿಗೆ ಬಂದರು. ಕುದಿಯುವ ನೀರಿನಲ್ಲಿ ಗೂಡು ತಿರುವಿ ತಿರುವಿ ಬೆಳ್ಳಗೆ ಸುಕ್ಕಾದ ಬೆರಳುಗಳು. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ಮಗ ಚೆನ್ನಾಗವ್ನೆ ಸಾರ್. ರಜಕ್ಕೆ ಬಂದಿದ್ದ. ಬೆಳಿಗ್ಗೆ ಎದ್ದು ಹಾಸಿಗೆ ಮಡಿಸಿ ಇಡ್ತಾನೆ. ನಾನು ಮಾತಾಡ್ಸಿದ್ರೆ ಹೂಂ ಅಂತಾನೆ. ಅಷ್ಟೇ. ಅವನು ಮುಂಚೆ ಬಾಯಿ ಮುಚ್ತಾನೇ ಇರ್ಲಿಲ್ಲ ಸಾರ್. ನೀವು ಅವನಿಗೆ ಹೇಳ್ಕೊಟ್ಟೋರಲ್ವಾ, ಅದಕ್ಕೆ ಕೇಳಣ ಅಂತ ಬಂದೆ. ಅಲ್ಲಿ ಏನು ಮಾಡ್ತಾರೆ ಮಕ್ಕಳನ್ನ?"

ಪಿ.ಟಿ. ಸಾರ್ ನೀರು ಕುಡಿಯಿರಿ ಎಂದರು. ಶಿಸ್ತು ಕಲಿಸ್ತಾರಮ್ಮ ಎಂದರು. ಆಕೆ ತಲೆಯಾಡಿಸಿ ಹೋದರು. ಅವರು ಹೋದಮೇಲೆ ಇವರು ಬಹಳ ಹೊತ್ತು ಸ್ಟಾಪ್‌ವಾಚಿನ ಗುಂಡಿ ಒತ್ತುತ್ತಾ ಬಿಡುತ್ತಾ ಕೂತಿದ್ದರು. ಆ ಟಿಕ್ ಟಿಕ್ ತಡೆಯಲಾರದೆ ನಾನೇ ಎದ್ದು ಕ್ಲಾಸಿಗೆ ಹೋದೆ.

ಅಕಾಡೆಮಿಗೆ ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದು ಎಂದು ಆದದ್ದು ಅದಾದ ಮೇಲೆ. ಪಿ.ಟಿ. ಸಾರಿಗೆ ಒಬ್ಬಳೇ ಮಗಳು, ಆಗ ಎರಡನೇ ಪಿ.ಯು. ಅಪ್ಪನ ಹಾಗೆಯೇ ಉದ್ದ, ಹೊರಗಡೆ ಮಾತು ಕಡಿಮೆ, ಗಣಿತ ಚುರುಕು. ಭಾನುವಾರ ಅಪ್ಪನ ಜೊತೆ ಬಂದು ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದಳು. ಅಪ್ಪ ಸಂದಿಗ್ಧ ಹೇಳಬೇಕು, ಅರ್ಧ ನಿಮಿಷಕ್ಕೆ ಇವಳು ಚಪ್ಪಾಳೆ ತಟ್ಟಬೇಕು. ಹುಡುಗರು ಪೆನ್ನು ಕಚ್ಚುತ್ತಾ ಕೂತಿರುವಾಗ ಅವಳ ತುಟಿಯಲ್ಲಿ ಉತ್ತರ ಓಡಾಡುವುದು ನನಗೆ ಕಾಣುತ್ತಿತ್ತು. ಹೆಣ್ಣುಮಕ್ಕಳ ಸುದ್ದಿ ಬಂದ ಭಾನುವಾರ ಅವಳು ನನ್ನೆದುರೇ ಕೇಳಿದಳು.

"ಅಪ್ಪಾ, ನಾನೂ ಹಾಕ್ಲಾ?"

"ನೋಡಣ ಕಣಮ್ಮ. ದೊಡ್ಡಪ್ಪನ್ನ ಒಂದು ಮಾತು ಕೇಳಣ."

ಅರ್ಜಿ ಕರೆಯುವುದು ವರ್ಷಕ್ಕೆ ಎರಡು ಸಲ. ಮೊದಲ ಸಲದ ಗಡುವು ಹೋಯಿತು. ದೊಡ್ಡಪ್ಪ ಏನಂದರು ಎಂದು ನಾನು ಕೇಳಿದರೆ ಪಿ.ಟಿ. ಸಾರ್, ಹುಳು ನಾಲ್ಕನೇ ಜ್ವರದಲ್ಲಿದೆ, ಪೊರೆ ಕಳಚೋ ಹೊತ್ತು, ಈಗ ಏನೂ ಕೇಳೋ ಹಾಗಿಲ್ಲ ಎಂದರು. ಮುಂದಿನ ಸಲ ಗೂಡಿನ ರೇಟು ಬಿದ್ದಿತ್ತು, ಅಣ್ಣನ ಮನಸ್ಸು ಸರಿಯಿರಲಿಲ್ಲ. ಆಮೇಲೊಮ್ಮೆ ಕೇಳಿದ್ದಕ್ಕೆ, "ಚೂದ್ದಾಂ ಲೇ ಅಂದ್ರು ಅಣ್ಣ," ಎಂದರು. ಅವರ ಮನೆಯ ತೆಲುಗಿನಲ್ಲೂ ನೋಡಣವೇ. ಯಾರೂ ಬೇಡ ಎನ್ನಲಿಲ್ಲ. ಹುಡುಗಿ ಒಮ್ಮೆಯೂ ಹಟ ಮಾಡಲಿಲ್ಲ, ವಾಚು ಹಿಡಿದು ಚಪ್ಪಾಳೆ ತಟ್ಟುತ್ತಲೇ ಇದ್ದಳು. ತರಬೇತಿ ಶುರುವಾಗುವ ಹೊತ್ತಿಗೆ ಹತ್ತೊಂಬತ್ತೂವರೆ ದಾಟಿದರೆ ಆ ಅಕಾಡೆಮಿಯ ಬಾಗಿಲು ಮುಚ್ಚಿದ ಹಾಗೆ. ಅವಳಿಗೆ ಇನ್ನೊಂದೇ ಒಂದು ಅವಕಾಶ ಉಳಿದಿತ್ತು.

ನನಗೆ ಬೇರೆಯವರ ಮನೆ ವಿಷಯಕ್ಕೆ ತಲೆ ಹಾಕುವ ಅಭ್ಯಾಸವಿಲ್ಲ. ಆದರೂ ಅವಳನ್ನು ಪಕ್ಕಕ್ಕೆ ಕರೆದು, "ನಿನಗೆ ಹದಿನೆಂಟು ಆಗಿದೆ. ಮೊಬೈಲಲ್ಲೇ ತುಂಬಬಹುದು. ನೀನೇ ಹಾಕಮ್ಮ," ಎಂದೆ.

"ಹಾಕ್ಬಹುದು ಮೇಡಂ," ಎಂದಳು. "ಆದ್ರೆ ಅಪ್ಪ ಎಲ್ಲಾರ ಮಕ್ಕಳಿಗೂ ಹಾಕು ಹಾಕು ಅಂತಾರೆ. ನನಗೂ ಒಂದ್ಸಲ ಅನ್ಲಿ ಅಂತ."



ಆ ಕೊನೆಯ ಅವಕಾಶದ ಗಡುವು ಮುಗಿಯುವ ದಿನ ಭಾನುವಾರ ಬಿದ್ದಿತ್ತು. ಹೊಂಗೆಮರದ ಕೆಳಗೆ ಹುಡುಗರು ಸಾಲಾಗಿ ಕೂತಿದ್ದರು. ಪಿ.ಟಿ. ಸಾರ್ ಸಂದಿಗ್ಧಗಳನ್ನು ಮುಗಿಸಿ, ಸಾಕು ಎದ್ದೇಳ್ರಪ್ಪ ಎಂದರು. ಆಗ ಮಗಳು, "ಇನ್ನೊಂದಿದೆ," ಎಂದಳು. ಎಲ್ಲರೂ ಅವಳ ಕಡೆ ತಿರುಗಿದರು.

"ಒಬ್ಬಳು ಹುಡುಗಿ. ಅವಳು ಹಾಕ್ಬೇಕಾದ ಅರ್ಜಿಗೆ ಇವತ್ತು ಸಂಜೆ ಕೊನೆ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತೆ. ಮನೇಲಿ ಯಾರೂ ಬೇಡ ಅಂದಿಲ್ಲ. ಹೂಂ ಅಂತಾನೂ ಅಂದಿಲ್ಲ. ಅವಳ ಅಪ್ಪ ಏನು ಮಾಡ್ತಾರೆ?"

ವಾಚಿನ ಗುಂಡಿ ಒತ್ತಿ ಅಪ್ಪನ ಮುಖ ನೋಡುತ್ತಾ ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರತಿವಾರ ನಿಲ್ಲುವ ಹಾಗೆಯೇ ನಿಂತಿದ್ದಳು. ಹುಡುಗರಿಗೆ ಅರ್ಥವಾಯಿತು. ಒಬ್ಬಿಬ್ಬರು ತಲೆ ತಗ್ಗಿಸಿದರು. ಪಿ.ಟಿ. ಸಾರ್ ಜೇಬಿಗೆ ಕೈ ಹಾಕಿ ಫೋನ್ ತೆಗೆದರು. ಅದನ್ನು ಕೈಯಲ್ಲಿ ಹಿಡಿದುಕೊಂಡರೇ ಹೊರತು ಯಾರಿಗೂ ಮಾಡಲಿಲ್ಲ. ತುಟಿ ಅಲ್ಲಾಡಿತು.

"ದೊಡ್ಡಪ್ಪನ್ನ ಕೇಳ್ಬೇಕಲ್ಲಮ್ಮ," ಎಂದರು.

ಹುಡುಗಿ ಚಪ್ಪಾಳೆ ತಟ್ಟಿದಳು. ವಾಚನ್ನು ಕೊರಳಿಂದ ತೆಗೆದು ಅಪ್ಪನ ಕೈಗೆ ಕೊಟ್ಟು, ಕೆಳಗೆ ಬಿದ್ದಿದ್ದ ಚಂದ್ರಿಕೆಗಳನ್ನು ಒಂದೊಂದಾಗಿ ಎತ್ತಿ ಮರಕ್ಕೆ ಒರಗಿಸತೊಡಗಿದಳು. ಆ ಮೈದಾನದ ಕಾನೂನಿನ ಪ್ರಕಾರ ಪಿ.ಟಿ. ಸಾರ್ ಒಂದು ಸುತ್ತು ಓಡಬೇಕಿತ್ತು. ಯಾರೂ ಹೇಳಲಿಲ್ಲ. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂದಿತ್ತು, ಮಾತಾಡದೆ ಮನೆಗೆ ಹೊರಟೆ.

ಅರ್ಜಿ ಹೋಗಲಿಲ್ಲ. ಅವಳು ಬಿ.ಎಸ್ಸಿ. ಸೇರಿದಳು.

ಕೆಲವು ತಿಂಗಳ ಮೇಲೆ ಅವರ ಅಣ್ಣ ಕೆಂಚಾರ್ಲಹಳ್ಳಿಯಲ್ಲಿ ಹೊಸ ಹುಳುಮನೆ ಕಟ್ಟಿಸಿ, ಪೂಜೆಗೆ ಸ್ಟಾಫಿನವರನ್ನೆಲ್ಲ ಕರೆದರು. ಅಣ್ಣ ಎಂದರೆ ಗಿರಿಜಾಮೀಸೆಯ ಯಜಮಾನರನ್ನು ನಾನು ಊಹಿಸಿದ್ದೆ. ಕಂಡದ್ದು ಗಿಡ್ಡಗೆ, ಗುಂಡಗೆ, ತಲೆಗೆ ಟವೆಲ್ ಸುತ್ತಿಕೊಂಡ ನಗುಮುಖದ ಮನುಷ್ಯ. ನಮ್ಮೆಲ್ಲರ ಎಲೆಗೂ ತಾವೇ ಮುದ್ದೆ ಹಾಕಿ, ಇನ್ನೊಂದು ಇಕ್ಕಿಸ್ಕೊಳಿ ಎಂದು ಕಾಟ ಕೊಟ್ಟರು. ಊಟ ಮುಗಿದು ಎಲೆಯಡಿಕೆಗೆ ಕೂತಾಗ ತಮ್ಮನ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಏಮ್ಮಾ, ಆ ಮಿಲ್ಟ್ರಿ ಪರೀಕ್ಷೆ ಏನಾಯ್ತು? ಈಗ ಹುಡ್ಗೀರ್ನೂ ತಗೋತಾರಂತಲ್ಲ. ನಿಮ್ಮಪ್ಪ ಊರೋರ ಮಕ್ಕಳಿಗೆಲ್ಲ ಹೇಳ್ಕೊಡ್ತಾನೆ, ನೀನು ಯಾಕೆ ಹಾಕ್ಲಿಲ್ಲ?"

"ನೀವು ನೋಡಣ ಅಂದ್ರಂತಲ್ಲ ದೊಡ್ಡಪ್ಪ."

"ನಾನಾ? ನನ್ನನ್ನ ಯಾರು ಕೇಳಿದ್ರಮ್ಮ?"

ಅಣ್ಣ ತಮ್ಮನ ಕಡೆ ನೋಡಿದರು. ಪಿ.ಟಿ. ಸಾರ್ ಅಡಿಕೆ ಕತ್ತರಿಸುತ್ತಿದ್ದರು. ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸಿದರು. ಹುಡುಗಿ ಎದ್ದು, ಊಟದ ಎಲೆಗಳನ್ನು ತೆಗೆಯುತ್ತಿದ್ದ ದೊಡ್ಡಮ್ಮನ ಜೊತೆ ಸೇರಿಕೊಂಡಳು. ಅಣ್ಣನಿಗೂ ಏನೋ ಹೊಳೆದಿರಬೇಕು, ಹುಳುಮನೆಗೆ ಗಾಳಿ ಹೇಗೆ ಬರುತ್ತದೆ ತೋರಿಸುತ್ತೇನೆ ಬನ್ನಿ ಎಂದು ನಮ್ಮನ್ನೆಲ್ಲ ಎಬ್ಬಿಸಿದರು.

ಸಂಜೆ ಬಸ್ಸಿಗೆ ಕಾಯುತ್ತಾ ನಿಂತಾಗ ಪಿ.ಟಿ. ಸಾರ್ ನನ್ನ ಹತ್ತಿರ ಬಂದರು. ಉಳಿದವರು ಆ ಕಡೆ ಅಂಗಡಿಯ ಮುಂದೆ ಇದ್ದರು.

"ನೀವು ಕೇಳಲೇ ಇಲ್ವಾ ಸಾರ್?" ಎಂದೆ.

"ಇಲ್ಲ ಮೇಡಂ."

"ಅಣ್ಣ ಬೇಡ ಅಂತಾರೆ ಅಂತ ಹೆದರಿದ್ರಾ?"

ಅವರು ರಸ್ತೆ ನೋಡುತ್ತಾ ಹೇಳಿದರು. "ಅವರು ಹೂಂ ಅಂದ್ಬಿಡ್ತಾರೆ ಅಂತ ಹೆದರಿದ್ದೆ. ಅಣ್ಣ ಯಾವತ್ತೂ ನನಗೆ ಬೇಡ ಅಂದೋರೇ ಅಲ್ಲ. ಆ ರೀಲರಮ್ಮ ಬಂದಿದ್ರಲ್ಲ ಮೇಡಂ, ಅವತ್ತಿಂದ ನನಗೆ ನಿದ್ದೆ ಸರಿ ಬರ್ತಿರ್ಲಿಲ್ಲ. ಇವಳು ಹೋದ್ರೆ ಮನೇಲಿ ಮಾತಾಡೋರು ಯಾರು? ಬೇರೆಯವರ ಮಕ್ಕಳನ್ನ ಕಳಿಸುವಾಗ ಒಂದು ದಿನಾನೂ ಹೀಗನ್ನಿಸ್ಲಿಲ್ಲ ನೋಡಿ."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು ಎಂದರೆ ಸುಳ್ಳಾದೀತು. ಆ ಹುಡುಗಿಯ ಬಗ್ಗೆ ಸಂಕಟವಾಗುತ್ತಲೇ ಇತ್ತು. ಆದರೆ ಅವರ ಮುಖ ನೋಡಿ ಇನ್ನೇನೂ ಹೇಳಬೇಕೆನ್ನಿಸಲಿಲ್ಲ. ಬಸ್ಸು ಬಂತು, ನಾನು ಹೆಂಗಸರ ಸೀಟಿಗೆ ಹೋಗಿ ಕೂತೆ.

ಆಮೇಲೆ ಅವರು ದೊಡ್ಡದಾಗಿ ಬದಲಾದರು ಎಂದೇನೂ ಇಲ್ಲ. ಕ್ಯಾಂಟೀನಿನವನು ಟೀನೋ ಕಾಫೀನೋ ಎಂದರೆ ಈಗಲೂ ನೋಡಣವೇ. ಭಾನುವಾರದ ಕ್ಲಾಸನ್ನು ನಿಲ್ಲಿಸಲಿಲ್ಲ. ಅಲೀಪುರದಿಂದ ಹರಳಿನ ವ್ಯಾಪಾರಿಯೊಬ್ಬರು ಮಗಳನ್ನು ಕರೆದುಕೊಂಡು ಬಂದದ್ದು ಮಾತ್ರ ನನಗೆ ನೆನಪಿದೆ. ಹುಡುಗಿಗೆ ಸೇರುವ ಆಸೆ, ತಂದೆಗೂ ಇತ್ತು. ಆದರೂ ಎಲ್ಲ ವಿಚಾರಿಸಿದ ಮೇಲೆ, "ಮನೇಲಿ ನಮ್ಮ ಚಾಚಾ ಇದ್ದಾರೆ ಸಾರ್. ಅವರನ್ನ ಕೇಳಿ ಹೇಳ್ತೀನಿ," ಎಂದು ಎದ್ದರು.

"ಫೋನಿದೆಯಲ್ಲ ಸಾಹೇಬ್ರೆ. ಇಲ್ಲೇ ಕೇಳಿಬಿಡಿ," ಎಂದರು ಪಿ.ಟಿ. ಸಾರ್.

"ಮನೆಗೆ ಹೋಗಿ ನಿಧಾನಕ್ಕೆ ಕೇಳ್ತೀನಿ."

"ನಾನೂ ಹಂಗೇ ಅಂದಿದ್ದೆ. ಕೇಳ್ತೀನಿ ಅಂದೆ, ಕೇಳಲಿಲ್ಲ. ಇವಳು ನನ್ನ ಮಗಳು. ಇವಳಿಗೆ ವಯಸ್ಸು ಮೀರೋಯ್ತು."

ಮಗಳು ಪಕ್ಕದಲ್ಲೇ ನಿಂತಿದ್ದಳು. ಬಿ.ಎಸ್ಸಿ. ಸೇರಿದ ಮೇಲೂ ಭಾನುವಾರ ಬರುತ್ತಿದ್ದಳು, ಆದರೆ ವಾಚು ಮುಟ್ಟುತ್ತಿರಲಿಲ್ಲ, ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಅಪ್ಪನ ಮಾತು ಕೇಳಿ ಅವಳ ಮುಖ ಕೆಂಪಾಯಿತು. ಅಲೀಪುರದವರು ಅವಳನ್ನೊಮ್ಮೆ ನೋಡಿ, ಫೋನ್ ಹಚ್ಚಿ, ಸ್ವಲ್ಪ ದೂರ ಹೋಗಿ ಉರ್ದುವಿನಲ್ಲಿ ಮಾತಾಡಿದರು. ಬಹಳ ಹೊತ್ತು ಮಾತಾಡಿದರು. ಬಂದು, "ಮುಂದಿನ ವಾರದಿಂದ ಬರ್ಲಿ ಅಂದ್ರು," ಎಂದರು. ಆ ಹುಡುಗಿಯ ಎದೆಗೆ ನಂಬರು ಕಟ್ಟಿಕೊಟ್ಟವಳು ಪಿ.ಟಿ. ಸಾರ್ ಮಗಳು. ಅದು ಮುಗಿದ ಮೇಲೆ ಅಪ್ಪನ ಹತ್ತಿರ ಹೋಗಿ ಕೈ ಚಾಚಿದಳು. ಅವರು ಕೊರಳಿನ ವಾಚು ತೆಗೆದುಕೊಟ್ಟರು.

ಪದವಿ ಮುಗಿಸಿದವರಿಗೂ ಸೇನೆಗೆ ಬೇರೊಂದು ಪರೀಕ್ಷೆ ಇದೆ, ಬೇರೆ ಅಕಾಡೆಮಿ. ಅದಕ್ಕೆ ವಯಸ್ಸಿನ ಮಿತಿ ಸ್ವಲ್ಪ ಸಡಿಲ. ಕೊನೆಯ ವರ್ಷದಲ್ಲಿ ಅವಳು ಅದಕ್ಕೆ ಅರ್ಜಿ ಹಾಕಿದ್ದಾಳೆ, ಬರೆದಿದ್ದಾಳೆ, ಪಾಸಾಗಿದ್ದಾಳೆ. ಮನೆಯಲ್ಲಿ ಹೇಳಿದ್ದು ಆಯ್ಕೆ ಕೇಂದ್ರದಿಂದ ಕರೆ ಬಂದಮೇಲೆ. "ನನ್ನನ್ನ ಕೇಳ್ಲೇ ಇಲ್ಲ ಮೇಡಂ," ಎಂದು ಪಿ.ಟಿ. ಸಾರ್ ಸ್ಟಾಫ್ ರೂಮಿನಲ್ಲಿ ಹೇಳಿದರು. ನೋವಾಗಿದೆಯೋ ಹೆಮ್ಮೆಯಾಗಿದೆಯೋ ನನಗೆ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಬೀಳ್ಕೊಡುಗೆಗೆ ಮಗಳು ಬಂದಿರಲಿಲ್ಲ. ಆಯ್ಕೆ ಕೇಂದ್ರದಲ್ಲಿ ಅದು ಅವಳ ಕೊನೆಯ ದಿನ. ಸಂದರ್ಶನ, ಆಟ, ಪರೀಕ್ಷೆ ಎಲ್ಲ ಮುಗಿದು, ಎಲ್ಲರನ್ನೂ ಕೂರಿಸಿ ಆಯ್ಕೆಯಾದವರ ನಂಬರು ಕೂಗುವ ದಿನ. ವೇದಿಕೆಯ ಮೇಲೆ ಅವರ ಜೇಬಿನಲ್ಲಿ ಅದುರಿದ್ದು ಆ ಫೋನು.

ನನ್ನ ಭಾಷಣ ಮುಗಿದು ಇನ್ಯಾರೋ ಶುರು ಮಾಡಿದ್ದರು. ನಾನು ಹೊರಗೆ ಬಂದೆ. ಪಿ.ಟಿ. ಸಾರ್ ಹೊಂಗೆಮರದ ಹತ್ತಿರ ನಿಂತಿದ್ದರು. ಫೋನು ಜೇಬಿಗೆ ಹೋಗಿತ್ತು, ಹಾರದ ಸೇವಂತಿಗೆ ಎಸಳುಗಳು ಬಿಳೀ ಶೂಗಳ ಮೇಲೆ ಉದುರಿದ್ದವು.

"ಏನಾಯ್ತು ಸಾರ್?"

"ಆಗ್ಲಿಲ್ಲ ಮೇಡಂ. ಅವಳ ನಂಬರ್ ಕರೀಲಿಲ್ಲ."

"ಅಳ್ತಿದ್ಲಾ?"

"ಇಲ್ಲ. ಇನ್ನೊಂದ್ಸಲ ಅವಕಾಶ ಇದೆಯಂತೆ. ಅಪ್ಪಾ, ಮತ್ತೆ ಹಾಕ್ಲಾ ಅಂತ ಕೇಳಿದ್ಲು."

ಒಳಗೆ ಯಾರೋ ಅವರ ಶಿಸ್ತನ್ನು ಹೊಗಳುತ್ತಿದ್ದರು, ಮೈಕಿನ ದನಿ ಮೈದಾನದವರೆಗೂ ಬರುತ್ತಿತ್ತು. ನೀವೇನಂದ್ರಿ ಎಂದು ಕೇಳಲು ನನಗೆ ಹೆದರಿಕೆಯಾಯಿತು, ಆದರೂ ಕೇಳಿದೆ.

"ಹಾಕು ಅಂದೆ ಮೇಡಂ," ಎಂದರು. "ಕೇಳಿದ ತಕ್ಷಣ ಅಂದೆ."

ಆಮೇಲೆ ಹಾರ ಸರಿಮಾಡಿಕೊಂಡು, ಕಣ್ಣೊರೆಸಿಕೊಂಡು, ತಮ್ಮ ಬೀಳ್ಕೊಡುಗೆಗೆ ವಾಪಸ್ಸು ಹೋದರು.